ಇಂಗ್ಲೆಂಡ್‌ನಲ್ಲಿ ಫ್ಲ್ಯಾಟ್ ಇದೆಯಾ? ಲೀಸಿನಲ್ಲಿ ಎಷ್ಟು ವರ್ಷ ಉಳಿದಿದೆ ಅಂತ ಮೊದಲು ನೋಡಿ

ಕ್ರಾಯ್ಡನ್, ಸ್ಲೌ, ರೆಡಿಂಗ್ ಕಡೆ ಫ್ಲ್ಯಾಟ್ ಕೊಂಡಿರುವ ನಮ್ಮವರನ್ನು "ಸ್ವಂತ ಮನೆನಾ?" ಅಂತ ಕೇಳಿದರೆ ಖುಷಿಯಾಗಿ ಹೂಂ ಅಂತಾರೆ. "ಲೀಸು ಇನ್ನೆಷ್ಟು ವರ್ಷ ಇದೆ?" ಅಂತ ಕೇಳಿ ನೋಡಿ, ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಫ್ಲ್ಯಾಟುಗಳು ಹೆಚ್ಚಾಗಿ ಲೀಸ್‌ಹೋಲ್ಡ್. ನೀವು ಕೊಂಡಿದ್ದು 99 ಅಥವಾ 125 ವರ್ಷ ಆ ಫ್ಲ್ಯಾಟನ್ನು ಇಟ್ಟುಕೊಳ್ಳುವ ಹಕ್ಕನ್ನು. ಜಾಗ, ಕಟ್ಟಡ ಎಲ್ಲ ಫ್ರೀಹೋಲ್ಡರ್‌ದು. ಬೆಂಗಳೂರಿನಲ್ಲಿ ಒಂದಿಷ್ಟು ಲಕ್ಷ ಮುಂಗಡ ಕೊಟ್ಟು ಮೂರು ವರ್ಷ ಲೀಸಿಗೆ ಇರುತ್ತೀವಲ್ಲ, ಅದಲ್ಲ ಇದು.

ವರ್ಷಗಳು ಕಳೆದ ಹಾಗೆ ಈ ಹಕ್ಕಿನ ಬೆಲೆ ಕರಗುತ್ತದೆ. ಲೀಸು ಗಿಡ್ಡವಾದ ಫ್ಲ್ಯಾಟಿಗೆ ಬ್ಯಾಂಕುಗಳು ಸಾಲ ಕೊಡಲು ಹಿಂದೆಮುಂದೆ ನೋಡುತ್ತವೆ. ಸಾಲ ಸಿಗದ ಮನೆಯನ್ನು ಕೊಳ್ಳುವವರು ಕಡಿಮೆ. ಇದಕ್ಕೆ ಕಾನೂನಿನಲ್ಲೇ ಮದ್ದು ಇದೆ. 1993ರ ಕಾಯ್ದೆಯ ಪ್ರಕಾರ ಫ್ಲ್ಯಾಟಿನ ಮಾಲೀಕರು ಈಗ ಉಳಿದಿರುವ ವರ್ಷಗಳ ಮೇಲೆ ಇನ್ನೂ 90 ವರ್ಷ ಸೇರಿಸಿ ಹೊಸ ಲೀಸು ಕೇಳಬಹುದು. ಗ್ರೌಂಡ್ ರೆಂಟ್, ಅಂದರೆ ಫ್ರೀಹೋಲ್ಡರ್‌ಗೆ ವರ್ಷವರ್ಷ ಕಟ್ಟುವ ನೆಲಬಾಡಿಗೆ, ಸೊನ್ನೆಯಾಗುತ್ತದೆ. ಕಾಗದದಲ್ಲಿ ಇದಕ್ಕೆ "ಪೆಪ್ಪರ್‌ಕಾರ್ನ್" ಅಂತ ಬರೆಯುತ್ತಾರೆ. ಫ್ರೀಹೋಲ್ಡರ್ ಬೆಲೆಯ ಬಗ್ಗೆ ಜಗಳ ಮಾಡಬಹುದು, ಆದರೆ ಹಕ್ಕು ಇರುವವರಿಗೆ ಸುಮ್ಮನೆ "ಕೊಡಲ್ಲ" ಅನ್ನುವ ಹಾಗಿಲ್ಲ.

ಈ ಕೆಲಸದಲ್ಲಿ ದುಡ್ಡಿಗಿಂತ ಹೆಚ್ಚು ಕಾಡುವುದು ತಾರೀಖು. ಒಂದು ತಾರೀಖು ತಪ್ಪಿದರೆ ಬೆಲೆ ಏರುತ್ತದೆ, ಇನ್ನೊಂದು ತಪ್ಪಿದರೆ ಮಾಡಿದ ಕೆಲಸವೆಲ್ಲ ನೀರುಪಾಲು. ಅದಕ್ಕೇ ಪ್ರತಿ ಹಂತದಲ್ಲೂ ಯಾವ ದಿನ ನೋಡಿಕೊಳ್ಳಬೇಕು ಅಂತ ಹೇಳುತ್ತಾ ಹೋಗುತ್ತೇನೆ.

ಮೊದಲು ಕಾಗದ ತೆಗೆಯಿರಿ

ಲೀಸಿನ ಪ್ರತಿ ನಿಮ್ಮ ಹತ್ತಿರ ಇಲ್ಲದಿದ್ದರೆ ಮನೆ ಕೊಂಡಾಗ ಕೆಲಸ ಮಾಡಿದ ಸಾಲಿಸಿಟರ್ ಹತ್ತಿರ ಇರಬಹುದು. ಇಲ್ಲವಾದರೆ ಲ್ಯಾಂಡ್ ರಿಜಿಸ್ಟ್ರಿಯಿಂದ ತರಿಸಿಕೊಳ್ಳಿ. ಟೈಟಲ್ ರಿಜಿಸ್ಟರ್ ಪ್ರತಿಗೆ ಆನ್‌ಲೈನ್‌ನಲ್ಲಿ 7 ಪೌಂಡ್. ಹುಡುಕುವಾಗ ಸರ್ಕಾರದ ಜಾಲತಾಣಕ್ಕೇ ಹೋಗಿ. ಅದೇ ಕಾಗದಕ್ಕೆ ಮೂರು ನಾಲ್ಕು ಪಟ್ಟು ಕೀಳುವ ಖಾಸಗಿ ಸೈಟುಗಳು ಸರ್ಚ್‌ನಲ್ಲಿ ಮೇಲೆ ಬಂದು ಕೂತಿರುತ್ತವೆ.

ಲೀಸಿನಲ್ಲಿ ಎರಡು ತಾರೀಖು ಇರುತ್ತವೆ. ಸಹಿ ಹಾಕಿದ ದಿನ ಒಂದು, ಅವಧಿ ಶುರುವಾಗುವ ದಿನ ಇನ್ನೊಂದು. ನಿಮಗೆ ಬೇಕಾದದ್ದು ಎರಡನೆಯದು. ಉದಾಹರಣೆಗೆ ಲೀಸಿಗೆ ಸಹಿ ಬಿದ್ದದ್ದು 2008ರ ನವೆಂಬರ್‌ನಲ್ಲಿ. ಒಳಗೆ ಪುಟ ತಿರುಗಿಸಿದರೆ "25 ಮಾರ್ಚ್ 2006ರಿಂದ 99 ವರ್ಷ" ಅಂತ ಇರುತ್ತದೆ. ಬಿಲ್ಡರ್ ಇಡೀ ಕಟ್ಟಡಕ್ಕೆ ಒಂದೇ ತಾರೀಖು ಹಿಡಿದಿರುತ್ತಾನೆ. 2008ರಲ್ಲಿ ಹೊಸ ಫ್ಲ್ಯಾಟ್ ಕೊಂಡವರಿಗೆ ಕೀಲಿ ಕೈಗೆ ಬರುವ ಮುಂಚೆಯೇ ಎರಡೂವರೆ ವರ್ಷ ಹೋಗಿರುತ್ತದೆ. ಮಾರ್ಚ್ 25, ಜೂನ್ 24, ಸೆಪ್ಟೆಂಬರ್ 29, ಡಿಸೆಂಬರ್ 25, ಇವು ನಾಲ್ಕು ಇಂಗ್ಲೆಂಡ್‌ನಲ್ಲಿ ಹಳೇ ಕಾಲದಿಂದ ಬಾಡಿಗೆ ಕಟ್ಟುವ ದಿನಗಳು. ಲೀಸಿನ ಅವಧಿ ಹೆಚ್ಚಾಗಿ ಇವುಗಳಲ್ಲೊಂದರಿಂದ ಶುರುವಾಗುತ್ತದೆ.

ಅದೇ ಪುಟಗಳಲ್ಲಿ ಗ್ರೌಂಡ್ ರೆಂಟ್ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ ಅನ್ನುವುದನ್ನೂ ಗುರುತು ಹಾಕಿಕೊಳ್ಳಿ. ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಷರತ್ತಿದ್ದರೆ ವಿಸ್ತರಣೆಯ ಬೆಲೆ ಜಾಸ್ತಿಯಾಗುತ್ತದೆ.

ಯಾರಿಗೆ ಈ ಹಕ್ಕು

ಲೀಸು ಮೊದಲು ಕೊಟ್ಟಾಗ 21 ವರ್ಷಕ್ಕಿಂತ ಹೆಚ್ಚಿನದಾಗಿರಬೇಕು, ಅಷ್ಟೇ. ನೀವು ಅಲ್ಲೇ ವಾಸ ಇರಬೇಕು ಅಂತಿಲ್ಲ. ಬಾಡಿಗೆಗೆ ಕೊಟ್ಟು ಮೈಸೂರಿಗೆ ಬಂದು ನೆಲೆಸಿದ್ದರೂ ಕೇಳಬಹುದು. ಮೊದಲು ಎರಡು ವರ್ಷ ಮಾಲೀಕರಾಗಿರಬೇಕು ಅಂತ ನಿಯಮ ಇತ್ತು. 2025ರ ಜನವರಿ 31ರಿಂದ ಅದು ಹೋಯಿತು. ಹಳೇ ಲೇಖನಗಳಲ್ಲಿ ಇನ್ನೂ ಎರಡು ವರ್ಷದ ಮಾತು ಇರುತ್ತದೆ, ಗಾಬರಿಯಾಗಬೇಡಿ.

ಷೇರ್ಡ್ ಓನರ್‌ಶಿಪ್‌ನಲ್ಲಿ ಮನೆಯ ಒಂದು ಪಾಲು ಮಾತ್ರ ನಿಮ್ಮದಾಗಿದ್ದರೆ ದಾರಿ ಬೇರೆ, ಅದನ್ನು ಮೊದಲೇ ವಿಚಾರಿಸಿ. ನ್ಯಾಷನಲ್ ಟ್ರಸ್ಟ್ ಆಸ್ತಿಗಳಿಗೂ ಈ ಹಕ್ಕು ಅನ್ವಯಿಸುವುದಿಲ್ಲ. ಫ್ಲ್ಯಾಟ್ ಅಲ್ಲದೆ ಲೀಸ್‌ಹೋಲ್ಡ್ ಮನೆ ಆಗಿದ್ದರೆ 1967ರ ಇನ್ನೊಂದು ಕಾಯ್ದೆ ನೋಡಬೇಕು. ಅಲ್ಲಿ ವಿಸ್ತರಣೆಗಿಂತ ಫ್ರೀಹೋಲ್ಡನ್ನೇ ಕೊಂಡುಬಿಡುವುದು ಸಾಮಾನ್ಯವಾಗಿ ಒಳ್ಳೆಯದು. ಸ್ಕಾಟ್ಲೆಂಡ್‌ನಲ್ಲಿ ಫ್ಲ್ಯಾಟ್ ಇರುವವರು ಈ ಲೇಖನ ಇಲ್ಲಿಗೇ ನಿಲ್ಲಿಸಬಹುದು, ನಿಮಗೆ ಈ ತಾಪತ್ರಯ ಇಲ್ಲ.

80ರ ಗೆರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಫ್ರೀಹೋಲ್ಡರ್‌ಗೆ ನೀವು ಕೊಡುವ ಮೊತ್ತಕ್ಕೆ ಪ್ರೀಮಿಯಂ ಅಂತಾರೆ. ಅದರಲ್ಲಿ ಮೂರು ಭಾಗ. ಒಂದು, ಇನ್ನು ಮುಂದೆ ಅವರಿಗೆ ಸಿಗದೇ ಹೋಗುವ ಗ್ರೌಂಡ್ ರೆಂಟ್. ಎರಡು, ಲೀಸು ಮುಗಿದಾಗ ಅವರ ಕೈಗೆ ಬರಬೇಕಿದ್ದ ಫ್ಲ್ಯಾಟ್ ಇನ್ನೂ 90 ವರ್ಷ ಮುಂದಕ್ಕೆ ಹೋಗುವುದರ ನಷ್ಟ. ಮೂರನೆಯದು ಮ್ಯಾರೇಜ್ ವ್ಯಾಲ್ಯೂ. ಲೀಸು ಉದ್ದವಾದ ಕೂಡಲೇ ಫ್ಲ್ಯಾಟಿನ ಬೆಲೆ ಏರುತ್ತದೆ ಅಲ್ವಾ, ಆ ಏರಿಕೆಯಲ್ಲಿ ಮೊದಲ ಎರಡು ಭಾಗ ಕಳೆದು ಉಳಿದದ್ದರಲ್ಲಿ ಅರ್ಧ ಅವರಿಗೆ. ಈ ಮೂರನೇ ಭಾಗ ಲೆಕ್ಕಕ್ಕೆ ಬರುವುದು ಲೀಸಿನಲ್ಲಿ 80 ವರ್ಷ ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದಾಗ ಮಾತ್ರ. 80 ವರ್ಷದ ಮೇಲೆ ಒಂದೇ ಒಂದು ದಿನ ಇದ್ದರೂ ಅದು ಸೊನ್ನೆ.

ಲೆಕ್ಕ ಹಾಕಿಯೇ ನೋಡೋಣ. ಲೀಸು ಉದ್ದ ಇದ್ದರೆ 3,00,000 ಪೌಂಡ್ ಬಾಳುವ ಫ್ಲ್ಯಾಟ್. ಗ್ರೌಂಡ್ ರೆಂಟ್ ವರ್ಷಕ್ಕೆ 150, ಏರಿಕೆ ಇಲ್ಲ. ಮುಂದೆ ಸಿಗಬೇಕಿದ್ದ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸಲು ಬಾಡಿಗೆಯ ಭಾಗಕ್ಕೆ ವರ್ಷಕ್ಕೆ ಶೇಕಡ 6ರ ದರ ಹಿಡಿಯೋಣ. ಫ್ಲ್ಯಾಟ್ ಮರಳುವ ಭಾಗಕ್ಕೆ ಶೇಕಡ 5. ಈ 5 ಸ್ಪೋರ್ಟೆಲ್ಲಿ ಅನ್ನುವ ಪ್ರಸಿದ್ಧ ಪ್ರಕರಣದಲ್ಲಿ ಫ್ಲ್ಯಾಟುಗಳಿಗೆ ಅಂತ ನಿಂತ ದರ.

82 ವರ್ಷ ಉಳಿದಿದ್ದರೆ: ಗ್ರೌಂಡ್ ರೆಂಟ್ ಬಾಬ್ತು ಸುಮಾರು 2,480. ಫ್ಲ್ಯಾಟಿನ ಬಾಬ್ತು ಸುಮಾರು 5,420. ಒಟ್ಟು 7,900 ಪೌಂಡ್ ಆಸುಪಾಸು.

ನಾಲ್ಕು ವರ್ಷ ಸುಮ್ನೆ ಕೂತು 78ಕ್ಕೆ ಬಂದರೆ: ಗ್ರೌಂಡ್ ರೆಂಟ್ ಬಾಬ್ತು ಹೆಚ್ಚುಕಮ್ಮಿ ಅಷ್ಟೇ, ಫ್ಲ್ಯಾಟಿನ ಬಾಬ್ತು 6,590. ಇದರ ಮೇಲೆ ಮ್ಯಾರೇಜ್ ವ್ಯಾಲ್ಯೂ. ಗಿಡ್ಡ ಲೀಸಿನ ಈ ಫ್ಲ್ಯಾಟು ಈಗ 2,79,000 ಬಾಳುತ್ತದೆ ಅಂತ ಇಟ್ಟುಕೊಂಡರೆ ಫ್ರೀಹೋಲ್ಡರ್ ಪಾಲಿನ ಅರ್ಧ ಸುಮಾರು 5,970. ಒಟ್ಟು 15,000 ಪೌಂಡ್. ಅದೇ ಮನೆ, ಅದೇ ಗೋಡೆ, ಹತ್ತಿರಹತ್ತಿರ ಎರಡು ಪಟ್ಟು ಬೆಲೆ. 70ಕ್ಕೆ, 60ಕ್ಕೆ ಇಳಿದಾಗ ಇದು ಎಲ್ಲಿಗೆ ಹೋಗುತ್ತದೆ ಅಂತ ನೀವೇ ಊಹಿಸಿ.

ಗಿಡ್ಡ ಲೀಸಿನ ಬೆಲೆ ಎಷ್ಟು ಅನ್ನುವುದೇ ದೊಡ್ಡ ಚೌಕಾಸಿಯ ಜಾಗ. ಅದಕ್ಕೆ ಸರ್ವೇಯರುಗಳು (ಇಲ್ಲಿ ಮನೆಗೆ ಬೆಲೆ ಕಟ್ಟುವವರು) ಬಳಸುವ ಗ್ರಾಫುಗಳಿವೆ, ಒಂದೊಂದು ಒಂದೊಂದು ಉತ್ತರ ಕೊಡುತ್ತದೆ. ನಿಮ್ಮ ಸರ್ವೇಯರ್ ಒಂದು ಹಿಡಿಯುತ್ತಾರೆ, ಅವರ ಸರ್ವೇಯರ್ ಇನ್ನೊಂದು.

ಹೊಸ ಕಾಯ್ದೆಗೆ ಕಾಯಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದೇ. 2024ರ ಮೇ 24ರಂದು ಲೀಸ್‌ಹೋಲ್ಡ್ ಸುಧಾರಣೆಯ ಹೊಸ ಕಾಯ್ದೆ ಅಂಗೀಕಾರವಾಯಿತು. ಅದರಲ್ಲಿ 90ರ ಬದಲು 990 ವರ್ಷ, ಮ್ಯಾರೇಜ್ ವ್ಯಾಲ್ಯೂ ರದ್ದು, ಫ್ರೀಹೋಲ್ಡರ್ ಕಡೆಯ ಖರ್ಚನ್ನು ಸಾಮಾನ್ಯವಾಗಿ ನಾವು ಕಟ್ಟಬೇಕಿಲ್ಲ ಅನ್ನುವ ಸಿಹಿಸುದ್ದಿ ಎಲ್ಲ ಇದೆ. ಫ್ರೀಹೋಲ್ಡರುಗಳು ಹೈಕೋರ್ಟಿಗೆ ಹೋದರು, 2025ರ ಅಕ್ಟೋಬರ್‌ನಲ್ಲಿ ಸೋತರು. ಆದರೆ ಎರಡು ವರ್ಷದ ನಿಯಮ ಹೋದದ್ದು ಬಿಟ್ಟರೆ, ಬೆಲೆಗೆ ಸಂಬಂಧಪಟ್ಟ ಈ ಭಾಗಗಳು ನಾನು ಇದನ್ನು ಬರೆಯುವ ಹೊತ್ತಿಗೆ ಜಾರಿಗೆ ಬಂದಿಲ್ಲ. ಹೊಸ ಲೀಸು ಕೇಳಿ ಫ್ರೀಹೋಲ್ಡರ್‌ಗೆ ನೋಟಿಸ್ ಕೊಡುವ ಮುಂಚೆ ಸಾಲಿಸಿಟರ್‌ಗೆ "ಇವತ್ತಿಗೆ ಏನು ಜಾರಿಯಲ್ಲಿದೆ?" ಅಂತ ಕೇಳಿ.

ನನ್ನ ಅಭಿಪ್ರಾಯ ಹೀಗೆ. 95, 100 ವರ್ಷ ಉಳಿದಿದ್ದರೆ ಅವಸರ ಬೇಡ. 81, 82ರಲ್ಲಿದ್ದರೆ ಕಾಯುವುದು ಜೂಜು. ಕಾಯ್ದೆ ಬಂದರೆ ಒಂದಿಷ್ಟು ಉಳಿಯಬಹುದು, ಬರದಿದ್ದರೆ ಗೆರೆ ದಾಟಿ ಸಾವಿರಾರು ಪೌಂಡ್ ಕಳೆದುಕೊಳ್ಳುತ್ತೀರಿ. ಈಗಾಗಲೇ 80ರ ಕೆಳಗಿದ್ದು, ಮಾರುವ ಅಥವಾ ಸಾಲ ಬದಲಿಸುವ ಯೋಚನೆ ಸದ್ಯಕ್ಕೆ ಇಲ್ಲದವರು ಮಾತ್ರ ಕಾದು ನೋಡಬಹುದು. ಅದೂ ಸರ್ವೇಯರ್ ಹತ್ತಿರ ಲೆಕ್ಕ ಹಾಕಿಸಿದ ಮೇಲೆ.

ಫ್ರೀಹೋಲ್ಡರ್ ಸಿಹಿಯಾಗಿ ಕಾಗದ ಬರೆದರೆ

ಕೆಲವು ಸಲ ಅವರೇ ಮುಂದೆ ಬಂದು "ಕಾನೂನು ಗೀನೂನು ಯಾಕೆ, ನೇರ ಮಾತಾಡಿಕೊಳ್ಳೋಣ" ಅಂತ ಆಫರ್ ಕೊಡುತ್ತಾರೆ. ಬೇಗ ಆಗುತ್ತದೆ, ಒಮ್ಮೊಮ್ಮೆ ಅಗ್ಗವೂ ಆಗುತ್ತದೆ. ಆದರೆ ನೋಡಿಕೊಂಡು ಒಪ್ಪಿ. "ಹೊಸ 125 ವರ್ಷದ ಲೀಸು" ಅಂದರೆ ಇವತ್ತಿನಿಂದ ಒಟ್ಟು 125 ಮಾತ್ರ. ಕಾಯ್ದೆಯ ದಾರಿಯಲ್ಲಿ 78ಕ್ಕೆ 90 ಸೇರಿ 168 ಸಿಗುತ್ತದೆ. 2022ರ ಜೂನ್ 30ರ ನಂತರ ಮಾಡುವ ಇಂಥ ಒಪ್ಪಂದದಲ್ಲೂ ಸೇರಿಸಿದ ವರ್ಷಗಳಿಗೆ ಗ್ರೌಂಡ್ ರೆಂಟ್ ಹಾಕುವ ಹಾಗಿಲ್ಲ. ಹಳೇ ಅವಧಿಯಲ್ಲಿ ಉಳಿದ ವರ್ಷಗಳಿಗೆ ಮಾತ್ರ ಹಳೇ ಬಾಡಿಗೆ ಮುಂದುವರಿಯಬಹುದು. ಮಧ್ಯದಲ್ಲಿ ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆಗೆ ಕಟ್ಟುವ ದುಡ್ಡು) ಷರತ್ತು ಬಿಗಿ ಮಾಡುವ ಸಾಲುಗಳು ನುಸುಳುವುದೂ ಉಂಟು.

ಎಲ್ಲಕ್ಕಿಂತ ದೊಡ್ಡ ಅಪಾಯ ಅಂದರೆ ಇದಕ್ಕೆ ಗಡುವು ಅನ್ನುವುದೇ ಇಲ್ಲ. ಇಮೇಲ್ ಹೋಗಿ ಬರುತ್ತಾ ಆರು ತಿಂಗಳು ಕಳೆಯುತ್ತದೆ. ಅಷ್ಟರಲ್ಲಿ 80 ವರ್ಷ 3 ತಿಂಗಳು ಇದ್ದ ಲೀಸು 79 ವರ್ಷ 9 ತಿಂಗಳಿಗೆ ಬಂದಿರುತ್ತದೆ. ಆಮೇಲೆ ಆಫರಿನ ಮೊತ್ತವೂ ಬದಲಾಗುತ್ತದೆ. ಗೆರೆಯ ಹತ್ತಿರ ಇದ್ದರೆ ಮೊದಲು ನೋಟಿಸ್ ಕೊಡಿ, ಮಾತುಕತೆ ಆಮೇಲೆ. ನೋಟಿಸ್ ಕೊಟ್ಟವರು ರಾಜಿ ಮಾಡಿಕೊಳ್ಳಬಾರದು ಅಂತ ಯಾವ ಕಾನೂನೂ ಇಲ್ಲ.

ಸರ್ವೇಯರ್, ಸಾಲಿಸಿಟರ್

ಇಬ್ಬರೂ ಬೇಕು. ಇಬ್ಬರಿಗೂ ಇದೇ ಕೆಲಸ ಮಾಡಿದ ಅನುಭವ ಇರಬೇಕು. ಮನೆ ಕೊಂಡಾಗ ಕಾಗದಪತ್ರ ನೋಡಿಕೊಂಡ ಅಗ್ಗದ ಕನ್ವೇಯನ್ಸರ್ ಒಳ್ಳೆಯವರೇ ಇರಬಹುದು, ಈ ನೋಟಿಸಿನ ಗಡುವುಗಳು ಅವರಿಗೆ ರೂಢಿ ಇರುವುದಿಲ್ಲ. ಅಲೆಪ್ ಅನ್ನುವ ಸಂಘದ ಪಟ್ಟಿಯಲ್ಲಿ ಈ ಕೆಲಸದಲ್ಲೇ ಪಳಗಿದ ಸಾಲಿಸಿಟರ್, ಸರ್ವೇಯರ್ ಸಿಗುತ್ತಾರೆ. ಸರ್ಕಾರದ ಹಣದಿಂದ ನಡೆಯುವ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವೀಸ್ ಉಚಿತ ಸಲಹೆ ಕೊಡುತ್ತದೆ. ಅವರ ಜಾಲತಾಣದ ಕ್ಯಾಲ್ಕುಲೇಟರ್‌ನಲ್ಲಿ ಪ್ರೀಮಿಯಂ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ, ಅದನ್ನೇ ನೋಟಿಸಿನಲ್ಲಿ ಬರೆಯಬೇಡಿ.

ಬಜೆಟ್ ಮಾಡುವಾಗ ಪ್ರೀಮಿಯಂ ಒಂದನ್ನೇ ಇಟ್ಟುಕೊಳ್ಳಬೇಡಿ. ನಿಮ್ಮ ಸರ್ವೇಯರ್, ನಿಮ್ಮ ಸಾಲಿಸಿಟರ್ ಫೀಸಿನ ಜೊತೆ ಫ್ರೀಹೋಲ್ಡರ್ ಕಡೆಯ ಸರ್ವೇಯರ್, ಸಾಲಿಸಿಟರ್‌ಗೂ ನೀವೇ ಕೊಡಬೇಕು. ನ್ಯಾಯವಾದ ಖರ್ಚಷ್ಟೇ ಅಂತ ಕಾಯ್ದೆ ಹೇಳುತ್ತದೆ. ಬಿಲ್ಲು ಅತಿಯಾಗಿದ್ದರೆ ಟ್ರಿಬ್ಯೂನಲ್‌ನಲ್ಲಿ ಪ್ರಶ್ನಿಸಬಹುದು.

ನೋಟಿಸ್ ಕೊಡುವ ದಿನ

ಕಾಯ್ದೆಯ ಸೆಕ್ಷನ್ 42ರ ನೋಟಿಸೇ ಇಡೀ ಕೆಲಸದ ಬೆನ್ನೆಲುಬು. ಬೆಲೆ ಕಟ್ಟುವ ದಿನ ಇದೇ. ಆಮೇಲೆ ಮಾತುಕತೆ ಒಂದು ವರ್ಷ ಎಳೆದರೂ ನಿಮ್ಮ ಲೀಸು ಲೆಕ್ಕಕ್ಕೆ ಇವತ್ತಿನ ವರ್ಷದಲ್ಲೇ ನಿಂತಿರುತ್ತದೆ. 80 ವರ್ಷ 2 ವಾರ ಇದ್ದಾಗ ನೋಟಿಸ್ ತಲುಪಿದರೆ ಮ್ಯಾರೇಜ್ ವ್ಯಾಲ್ಯೂ ಇಲ್ಲ, ಮುಗಿಯಿತು. ಆದರೆ ತಲುಪಬೇಕು. ಅಂಚೆ ಡಬ್ಬಿಗೆ ಹಾಕಿದ ದಿನವನ್ನು ನಂಬಿ ಕೊನೇ ವಾರದವರೆಗೆ ಕಾಯಬೇಡಿ.

ಯಾರಿಗೆ ಕೊಡಬೇಕು ಅನ್ನುವುದರಲ್ಲೇ ಬಹಳ ಜನ ಎಡವುತ್ತಾರೆ. ಸರ್ವಿಸ್ ಚಾರ್ಜ್ ವಸೂಲಿ ಮಾಡುವ ಮ್ಯಾನೇಜಿಂಗ್ ಏಜೆಂಟ್ ನಿಮ್ಮ ಫ್ರೀಹೋಲ್ಡರ್ ಅಲ್ಲ. ಮಧ್ಯದಲ್ಲಿ ಹೆಡ್‌ಲೀಸ್ (ಫ್ರೀಹೋಲ್ಡರ್ ಮತ್ತು ನಿಮ್ಮ ನಡುವಿನ ಇನ್ನೊಂದು ಲೀಸು) ಇಟ್ಟುಕೊಂಡ ಇನ್ನೊಂದು ಕಂಪನಿ ಇದ್ದರೆ, 90 ವರ್ಷ ಸೇರಿಸಿಕೊಡುವಷ್ಟು ಉದ್ದದ ಹಕ್ಕು ಯಾರಿಗಿದೆಯೋ ಅವರಿಗೇ ಮುಖ್ಯವಾಗಿ ನೋಟಿಸ್ ಹೋಗಬೇಕು. ಅನುಮಾನ ಇದ್ದರೆ ಮೊದಲು ಸೆಕ್ಷನ್ 41ರ ಪ್ರಕಾರ ವಿವರ ಕೇಳಬಹುದು, 28 ದಿನದಲ್ಲಿ ಉತ್ತರ ಕೊಡಬೇಕು. ಫ್ರೀಹೋಲ್ಡರ್ ಎಲ್ಲಿದ್ದಾರೋ ಪತ್ತೆಯೇ ಇಲ್ಲ ಅಂದರೂ ದಾರಿ ಇದೆ, ಕೌಂಟಿ ಕೋರ್ಟಿಗೆ ಹೋಗಬೇಕು.

ನೋಟಿಸಿನಲ್ಲಿ ನೀವು ಕೊಡಲು ಸಿದ್ಧ ಇರುವ ಮೊತ್ತ ಬರೆಯಬೇಕು. ಚೌಕಾಸಿಗೆ ಅಂತ ಸ್ವಲ್ಪ ಕಡಿಮೆ ಹೇಳುವುದು ಸರಿ. ತೀರಾ ಕಡಿಮೆ ಹೇಳಿದರೆ ನೋಟಿಸೇ ಬಿದ್ದುಹೋಗಬಹುದು. ಹಿಂದೆ ಹಾಗೆ ಆಗಿದೆ. ಸರ್ವೇಯರ್ ಹೇಳಿದ ಕೆಳಗಿನ ಅಂಕಿಗಿಂತ ಕೆಳಗೆ ಇಳಿಯಬೇಡಿ. ಉತ್ತರ ಕೊಡಲು ಕನಿಷ್ಠ ಎರಡು ತಿಂಗಳ ತಾರೀಖನ್ನೂ ಬರೆಯಬೇಕು. ನೋಟಿಸ್ ಕೊಟ್ಟ ಕೂಡಲೇ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಅದನ್ನು ಫ್ರೀಹೋಲ್ಡಿನ ಮೇಲೆ ದಾಖಲು ಮಾಡಿಸಲು ಸಾಲಿಸಿಟರ್‌ಗೆ ಹೇಳಿ. ಇಲ್ಲದಿದ್ದರೆ ನಡುವೆ ಫ್ರೀಹೋಲ್ಡ್ ಬೇರೆಯವರಿಗೆ ಮಾರಾಟವಾದರೆ ನಿಮ್ಮ ನೋಟಿಸ್ ಅವರನ್ನು ಕಟ್ಟಿಹಾಕದೇ ಹೋಗಬಹುದು.

ಫ್ರೀಹೋಲ್ಡರ್ ಇದಾದ ಮೇಲೆ ಡಿಪಾಸಿಟ್ ಕೇಳಬಹುದು. ನೀವು ಬರೆದ ಮೊತ್ತದ ಶೇಕಡ 10 ಅಥವಾ 250 ಪೌಂಡ್, ಯಾವುದು ಹೆಚ್ಚೋ ಅದು. ಕೇಳಿದ 14 ದಿನದಲ್ಲಿ ಕೊಡಬೇಕು, ಹಾಗಾಗಿ ದುಡ್ಡು ಕೈಯಲ್ಲಿ ಇಟ್ಟುಕೊಂಡೇ ನೋಟಿಸ್ ಕಳಿಸಿ. ಅವರ ಸರ್ವೇಯರ್ ಮನೆ ನೋಡಲು ಬರುತ್ತಾರೆ. ಬಾಡಿಗೆದಾರರಿದ್ದರೆ ಮೊದಲೇ ಹೇಳಿಡಿ.

ಕೌಂಟರ್ ನೋಟಿಸ್, ಆಮೇಲಿನ ಗಡುವು

ಫ್ರೀಹೋಲ್ಡರ್ ನಿಮ್ಮ ಹಕ್ಕು ಒಪ್ಪಿ, ತಮ್ಮ ಬೆಲೆ ಬರೆದು ಕೌಂಟರ್ ನೋಟಿಸ್ ಕಳಿಸುತ್ತಾರೆ. ನೀವು 9,000 ಬರೆದಲ್ಲಿ ಅವರು 22,000 ಬರೆದಿರಬಹುದು. ಎದೆ ಧಸಕ್ ಅನ್ನುತ್ತದೆ. ಮೊದಲ ಅಂಕಿ ಯಾವಾಗಲೂ ಹಾಗೇ. ಸರ್ವೇಯರುಗಳು ಕೂತು ಮಾತಾಡಲಿ, ನೀವು ಮಧ್ಯೆ ಬಾಯಿ ಹಾಕಬೇಡಿ. "ನಮಗೆ ಅರ್ಜೆಂಟು, ಮನೆ ಮಾರುತ್ತಿದ್ದೇವೆ" ಅನ್ನುವ ಮಾತಂತೂ ಅವರ ಕಿವಿಗೆ ಬೀಳಬಾರದು.

ಬೆಲೆ ಕುದುರದಿದ್ದರೆ ಫಸ್ಟ್ ಟಿಯರ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬೇಕು. ಕೌಂಟರ್ ನೋಟಿಸ್ ಬಂದ ಎರಡು ತಿಂಗಳ ನಂತರ, ಆರು ತಿಂಗಳ ಒಳಗೆ. ಆಗಸ್ಟ್ 5ಕ್ಕೆ ಬಂದಿದ್ದರೆ ಅಕ್ಟೋಬರ್ 5ರಿಂದ ಫೆಬ್ರವರಿ 4ರವರೆಗೆ ಬಾಗಿಲು ತೆರೆದಿರುತ್ತದೆ. ಫೆಬ್ರವರಿ 4 ದಾಟಿದರೆ ನೀವು ನೋಟಿಸ್ ಹಿಂದಕ್ಕೆ ಪಡೆದ ಹಾಗೆ. ಹೊಸದು ಕೊಡಲು 12 ತಿಂಗಳು ಕಾಯಬೇಕು, ಅವರ ಖರ್ಚನ್ನೂ ಕಟ್ಟಬೇಕು. ಅಷ್ಟರಲ್ಲಿ 80ರ ಗೆರೆ ದಾಟಿದ್ದರೆ ಕೇಳುವುದೇ ಬೇಡ. "ಇನ್ನೇನು ಒಪ್ಪಿಬಿಡ್ತಾರೆ" ಅಂತ ಕಾಯುತ್ತಾ ಈ ದಿನ ಕಳೆದುಕೊಳ್ಳುವುದೇ ಮಾಮೂಲಿ ಅನಾಹುತ. ಮಾತುಕತೆ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಗಡುವಿಗೆ ಒಂದು ತಿಂಗಳು ಇರುವಾಗಲೇ ಅರ್ಜಿ ಹಾಕಿಸಿ. ಅರ್ಜಿ ಹಾಕಿದ ಮೇಲೂ ಹೆಚ್ಚಿನವು ವಿಚಾರಣೆಗೆ ಮುಂಚೆಯೇ ರಾಜಿಯಾಗುತ್ತವೆ. ಈ ತಾರೀಖನ್ನು ಸಾಲಿಸಿಟರ್ ಡೈರಿಗೆ ಬಿಟ್ಟು ನಿಶ್ಚಿಂತೆಯಾಗಿರಬೇಡಿ, ನಿಮ್ಮ ಫೋನಿನಲ್ಲೂ ಇರಲಿ.

ಕೌಂಟರ್ ನೋಟಿಸೇ ಬರಲಿಲ್ಲವಾ? ಆಗ ಕೌಂಟಿ ಕೋರ್ಟಿಗೆ ಹೋದರೆ ನೀವು ಬರೆದ ಬೆಲೆಗೇ ಲೀಸು ಸಿಗಬಹುದು. ಅದಕ್ಕೂ ಆರು ತಿಂಗಳ ಗಡುವು ಇದೆ, ಉತ್ತರ ಬರಬೇಕಿದ್ದ ದಿನದಿಂದ. ವೇಲ್ಸ್‌ನಲ್ಲಿ ಟ್ರಿಬ್ಯೂನಲ್ ಹೆಸರು ಬೇರೆ, ನಡೆ ಹೆಚ್ಚುಕಮ್ಮಿ ಇದೇ.

ಬೆಲೆ ಒಪ್ಪಿದ ಮೇಲೂ ಮೈಮರೆಯುವ ಹಾಗಿಲ್ಲ. ಎರಡು ತಿಂಗಳಲ್ಲಿ ಹೊಸ ಲೀಸಿಗೆ ಸಹಿ ಬೀಳದಿದ್ದರೆ, ಮುಂದಿನ ಎರಡು ತಿಂಗಳ ಒಳಗೆ ಕೋರ್ಟಿಗೆ ಅರ್ಜಿ ಹಾಕಬೇಕು.

ಮಾರುವವರು, ಕೊಳ್ಳುವವರು

ಮಾರುವವರು ನೋಟಿಸ್ ಕೊಟ್ಟು, ಅದರ ಲಾಭವನ್ನು ಕೊಳ್ಳುವವರಿಗೆ ವರ್ಗಾಯಿಸಬಹುದು. ಮನೆಯ ವರ್ಗಾವಣೆಯ ಜೊತೆಜೊತೆಗೇ ಆಗಬೇಕು. ಇಲ್ಲವಾದರೆ ನೋಟಿಸ್ ಸತ್ತುಹೋಗುತ್ತದೆ. ಎರಡು ವರ್ಷದ ನಿಯಮ ಹೋಯಿತಲ್ಲ, ಕೊಂಡ ಮೇಲೆ ನಾವೇ ಕೊಡೋಣ ಅನ್ನಬಹುದು. ಆದರೆ ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರು ಬಂದ ಮೇಲಷ್ಟೇ ನೆಮ್ಮದಿಯಾಗಿ ನೋಟಿಸ್ ಕೊಡಬಹುದು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುವುದುಂಟು. 80 ವರ್ಷ 4 ತಿಂಗಳ ಲೀಸಿನ ಫ್ಲ್ಯಾಟ್ ಕೊಳ್ಳುತ್ತಿದ್ದರೆ ಮಾರುವವರ ಕೈಯಲ್ಲೇ ನೋಟಿಸ್ ಕೊಡಿಸಿ.

ಊರಿಗೆ ಬಂದು ನೆಲೆಸಿದವರಿಗೆ

ಹೊಸ ಲೀಸು ಡೀಡ್ ರೂಪದಲ್ಲಿ ಇರುತ್ತದೆ. ಸಹಿ ಹಾಕುವಾಗ ಸಾಕ್ಷಿ ಎದುರಿಗೇ ಕೂತಿರಬೇಕು, ವಿಡಿಯೋ ಕಾಲ್ ನಡೆಯುವುದಿಲ್ಲ. ಜಯನಗರದ ಮನೆಯಲ್ಲಿ ಪಕ್ಕದ ಮನೆಯವರು ಸಾಕ್ಷಿಯಾಗಬಹುದು, ಪತ್ರದಲ್ಲಿ ಪಾಲಿರುವವರು ಆಗುವ ಹಾಗಿಲ್ಲ. ಗಂಡಹೆಂಡತಿ ಇಬ್ಬರ ಹೆಸರಿದ್ದರೆ ಇಬ್ಬರೂ ಸಹಿ ಹಾಕಬೇಕು. ಮೂಲ ಪ್ರತಿ ಕೊರಿಯರ್‌ನಲ್ಲಿ ಹೋಗಿಬರಲು ಸಮಯ ಬಿಡಿ. ಓಡಾಟ ಕಷ್ಟ ಅಂದರೆ ಇಂಗ್ಲೆಂಡ್‌ನಲ್ಲಿರುವ ಮಗನಿಗೋ ಮಗಳಿಗೋ ಪವರ್ ಆಫ್ ಅಟಾರ್ನಿ ಕೊಡಿ. ಅದರ ಒಕ್ಕಣೆಯನ್ನು ಅಲ್ಲಿನ ಸಾಲಿಸಿಟರ್ ಕೈಯಲ್ಲೇ ಬರೆಸಿ.

ದುಡ್ಡು ಇಲ್ಲಿಂದ ಕಳಿಸುವುದಾದರೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ ಇದೆ. ಬ್ಯಾಂಕು ಟಿಸಿಎಸ್ (ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುವುದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ. ದುಡ್ಡಿನ ಮೂಲ ತೋರಿಸಲು ಅಲ್ಲಿನ ಸಾಲಿಸಿಟರ್ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ. ಪ್ರೀಮಿಯಂ 40,000 ಪೌಂಡ್ ಮುಟ್ಟುವ ಹಾಗಿದ್ದು, ನಿಮಗೆ ಬೇರೆ ಮನೆಯೂ ಇದ್ದರೆ ಅಥವಾ ನೀವು ಅಲ್ಲಿನ ನಿವಾಸಿ ಅಲ್ಲದಿದ್ದರೆ ಸ್ಟ್ಯಾಂಪ್ ಡ್ಯೂಟಿಯ ವಿಷಯ ಮೊದಲೇ ಕೇಳಿಟ್ಟುಕೊಳ್ಳಿ.

ಕೊನೆಯ ಕಾಗದಗಳು

ಫ್ಲ್ಯಾಟಿನ ಮೇಲೆ ಸಾಲ ಇದ್ದರೆ ಕಾಯ್ದೆಯ ದಾರಿಯ ವಿಸ್ತರಣೆಗೆ ಬ್ಯಾಂಕಿನ ಅನುಮತಿ ಬೇಕಿಲ್ಲ, ತಿಳಿಸಬೇಕು ಅಷ್ಟೇ. ಅಡಮಾನ ಹೊಸ ಲೀಸಿನ ಮೇಲೆ ಮುಂದುವರಿಯುತ್ತದೆ. ನೇರ ಒಪ್ಪಂದದ ದಾರಿಯಾದರೆ ಅನುಮತಿ ಬೇಕು, ಅದಕ್ಕೂ ಒಂದಿಷ್ಟು ವಾರ ಹಿಡಿಯುತ್ತದೆ.

ಸಹಿ ಆಗಿ ದುಡ್ಡು ಹೋದ ಮೇಲೆ ಸಾಲಿಸಿಟರ್ ಹೊಸ ಲೀಸನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಾಯಿಸುತ್ತಾರೆ. ಅದು ಮುಗಿದ ಮೇಲೆ ರಿಜಿಸ್ಟರ್ ಪ್ರತಿ ತರಿಸಿ ಮೂರು ವಿಷಯ ನೋಡಿ: ಅವಧಿ ಸರಿಯಾಗಿ ಬಿದ್ದಿದೆಯಾ, ಹೆಸರುಗಳ ಕಾಗುಣಿತ ಸರಿ ಇದೆಯಾ, ಹಳೇ ಲೀಸಿನ ನಮೂದು ಹೋಗಿದೆಯಾ. ಬ್ಯಾಂಕಿನಲ್ಲಿ ಗ್ರೌಂಡ್ ರೆಂಟ್‌ಗೆ ಸ್ಟ್ಯಾಂಡಿಂಗ್ ಆರ್ಡರ್ ಇದ್ದರೆ ರದ್ದು ಮಾಡಿಸಿ. ಸರ್ವಿಸ್ ಚಾರ್ಜ್ ಮಾತ್ರ ಮೊದಲಿನ ಹಾಗೇ ಕಟ್ಟುತ್ತಿರಬೇಕು.